ಹಳೆಯ ಎಕ್ಸೆಲ್ ಫೈಲ್ ಸಿಗುತ್ತಿಲ್ಲವೇ? ಹೆಸರು ಹಿಡಿದು ಹುಡುಕಬೇಡಿ

ಪ್ರಶ್ನೆ: ನಮ್ಮ ತಂದೆ 2002ರಿಂದ 2008ರವರೆಗೆ ಮನೆ ಕಟ್ಟಿಸಿದ ಖರ್ಚು, ಸಾಲದ ಕಂತು ಎಲ್ಲವನ್ನೂ ಕಂಪ್ಯೂಟರ್‌ನಲ್ಲಿ ಸ್ಪ್ರೆಡ್‌ಶೀಟ್ ಮಾಡಿ ಇಟ್ಟಿದ್ದರು. ಆಮೇಲೆ ಎರಡು ಸಲ ಕಂಪ್ಯೂಟರ್ ಬದಲಾಯಿತು. ಹಳೆಯದರಲ್ಲಿದ್ದುದನ್ನೆಲ್ಲ ಡಿ ಡ್ರೈವ್‌ಗೆ ಕಾಪಿ ಮಾಡಿದ್ದೇನೆ ಎಂದು ತಮ್ಮ ಹೇಳುತ್ತಾನೆ. ಈಗ ಆ ಲೆಕ್ಕ ಬೇಕಾಗಿದೆ. ಫೈಲಿನ ಹೆಸರು ಅಪ್ಪನಿಗೂ ನೆನಪಿಲ್ಲ. ಸ್ಟಾರ್ಟ್ ಮೆನುವಿನಲ್ಲಿ ಹುಡುಕಿದರೆ ಏನೂ ಬರುತ್ತಿಲ್ಲ. ಮೊದಲ ಕಂಪ್ಯೂಟರ್ ಇನ್ನೂ ಅಟ್ಟದ ಮೇಲಿದೆ. ಏನು ಮಾಡಬಹುದು?

ಉತ್ತರ: ಸ್ಟಾರ್ಟ್ ಮೆನುವಿನಲ್ಲಿ ಬರಲಿಲ್ಲ ಎಂದ ಮಾತ್ರಕ್ಕೆ ಫೈಲ್ ಹೋಯಿತು ಎಂದುಕೊಳ್ಳಬೇಡಿ. ಆ ಹುಡುಕಾಟ ಇಡೀ ಕಂಪ್ಯೂಟರನ್ನು ಜಾಲಾಡುವುದೇ ಇಲ್ಲ. ವಿಂಡೋಸ್ ಮೊದಲೇ ಮಾಡಿಟ್ಟುಕೊಂಡ ಇಂಡೆಕ್ಸ್‌ನಲ್ಲಿ, ಅಂದರೆ ಫೈಲ್‌ಗಳ ಸೂಚಿಯಲ್ಲಿ, ಇದ್ದರೆ ಮಾತ್ರ ತೋರಿಸುತ್ತದೆ. ನಾವಾಗಿ ಏನೂ ಬದಲಿಸದಿದ್ದರೆ ಆ ಇಂಡೆಕ್ಸ್‌ನಲ್ಲಿ ಸೇರಿರುವುದು ಡಾಕ್ಯುಮೆಂಟ್ಸ್, ಡೆಸ್ಕ್‌ಟಾಪ್, ಪಿಕ್ಚರ್ಸ್ ಇಂಥ ನಮ್ಮ ಸ್ವಂತ ಫೋಲ್ಡರ್‌ಗಳು. ಡಿ ಡ್ರೈವ್ ಸಾಮಾನ್ಯವಾಗಿ ಅದರಲ್ಲಿ ಇರುವುದಿಲ್ಲ. ನಿಮ್ಮ ತಮ್ಮ ಕಾಪಿ ಮಾಡಿದ್ದು ಡಿ ಡ್ರೈವ್‌ಗೇ ಅಲ್ವಾ? ಅಂದರೆ ಇಲ್ಲಿಯವರೆಗೆ ನೀವು ಫೈಲ್ ಇರಬಹುದಾದ ಜಾಗದಲ್ಲಿ ಹುಡುಕಿಯೇ ಇಲ್ಲ.

ಇನ್ನೊಂದು ತೊಂದರೆ ಹೆಸರಿನದು. ಮನೆ, ಖರ್ಚು, ಸಾಲ ಎಂದೆಲ್ಲ ಹೊಡೆದು ನೋಡಿರುತ್ತೀರಿ. ಲೆಕ್ಕ ಬರೆಯುವವರು ಹೆಸರಿಗೆ ಅಷ್ಟು ತಲೆಕೆಡಿಸಿಕೊಂಡಿರುವುದಿಲ್ಲ. ಎಕ್ಸೆಲ್ ತಾನೇ ಕೊಡುವ ಹೆಸರು ಬುಕ್1, ಬುಕ್2. ಎಷ್ಟೋ ಮನೆಗಳ ವರ್ಷಾನುಗಟ್ಟಲೆ ಲೆಕ್ಕ ಆ ಹೆಸರಲ್ಲೇ ಕೂತಿರುತ್ತದೆ. ಜತೆಗೆ ವಿಂಡೋಸ್ 95 ಬರುವ ಮುಂಚೆ ಹೆಸರಿಗೆ 8 ಅಕ್ಷರ, ಚುಕ್ಕಿಯ ನಂತರ 3 ಅಕ್ಷರ, ಇಷ್ಟೇ ಅವಕಾಶ ಇತ್ತು. ಆ ಕಾಲದಲ್ಲಿ ಕಂಪ್ಯೂಟರ್ ಕಲಿತವರು 2005ರಲ್ಲೂ ಹೆಸರನ್ನು ಮೊಟಕು ಮಾಡಿಯೇ ಇಡುತ್ತಿದ್ದರು. ಹಾಗಾಗಿ ಹೆಸರನ್ನು ಬಿಟ್ಟುಬಿಡಿ. ಫೈಲ್ ಯಾವ ಜಾತಿಯದು, ಯಾವ ಕಾಲದ್ದು, ಇವೆರಡನ್ನು ಹಿಡಿದು ಹೋದರೆ ಸಾಕು.

ಜಾತಿ ಗೊತ್ತಾಗುವುದು ಹೆಸರಿನ ಕೊನೆಯ ಬಾಲದಿಂದ, ಅಂದರೆ ಎಕ್ಸ್‌ಟೆನ್ಶನ್‌ನಿಂದ. ವಿಂಡೋಸ್ ಇದನ್ನು ಬೇಕೆಂದೇ ಮರೆಮಾಡಿ ಇಟ್ಟಿರುತ್ತದೆ. ಫೈಲ್ ಎಕ್ಸ್‌ಪ್ಲೋರರ್‌ನ ವ್ಯೂ ಮೆನುವಿಗೆ ಹೋಗಿ, ಫೈಲ್ ನೇಮ್ ಎಕ್ಸ್‌ಟೆನ್ಶನ್ಸ್ ಎಂಬುದಕ್ಕೆ ಟಿಕ್ ಹಾಕಿ. ಅಲ್ಲೇ ಇರುವ ಹಿಡನ್ ಐಟಮ್ಸ್‌ಗೂ ಟಿಕ್ ಹಾಕಿ. ಮುಂದೆ ಅದು ಬೇಕಾಗುತ್ತದೆ.

ನಿಮ್ಮ ತಂದೆ ಬರೆದದ್ದು 2002ರಿಂದ 2008ರವರೆಗೆ. ಆ ಅವಧಿಯಲ್ಲಿ ಎಕ್ಸೆಲ್ ಬಳಸಿದ್ದರೆ ಬಾಲ ಬಹುತೇಕ ಎಕ್ಸ್‌ಎಲ್‌ಎಸ್ ಆಗಿರುತ್ತದೆ. ಕೊನೆಗೊಂದು ಎಕ್ಸ್ ಹೆಚ್ಚಾಗಿ ಸೇರಿದ ಈಗಿನ ಎಕ್ಸ್‌ಎಲ್‌ಎಸ್‌ಎಕ್ಸ್ ಬಂದದ್ದು ಎಕ್ಸೆಲ್ 2007ರ ಜತೆ. ಆದರೆ ಬಳಸಿದ್ದು ಎಕ್ಸೆಲ್ಲೇ ಎಂದು ಯಾಕೆ ಅಂದುಕೊಳ್ಳಬೇಕು? ಆಗ ಮನೆ ಬಳಕೆಯ ಎಷ್ಟೋ ಕಂಪ್ಯೂಟರ್‌ಗಳ ಜತೆ ಮೈಕ್ರೋಸಾಫ್ಟ್ ವರ್ಕ್ಸ್ ಬರುತ್ತಿತ್ತು. ಅದರ ಹಳೆಯ ಆವೃತ್ತಿಗಳ ಬಾಲ ಡಬ್ಲ್ಯುಕೆಎಸ್, ನಂತರದವುಗಳದ್ದು ಎಕ್ಸ್‌ಎಲ್‌ಆರ್. ಅಪ್ಪ ಕೆಲಸದ ಜಾಗದಲ್ಲಿ ಲೋಟಸ್ 1-2-3 ಎಂಬ ಹಳೆಯ ಸ್ಪ್ರೆಡ್‌ಶೀಟ್ ಪ್ರೋಗ್ರಾಂ ಕಲಿತವರಾಗಿದ್ದರೆ ಡಬ್ಲ್ಯುಕೆ1, ಡಬ್ಲ್ಯುಕೆ4 ಅಥವಾ ಬರೀ 123 ಎಂಬ ಬಾಲವೂ ಇರಬಹುದು. ಓಪನ್ ಆಫೀಸ್ ಆಗಿದ್ದರೆ ಮೊದಲು ಎಸ್‌ಎಕ್ಸ್‌ಸಿ, 2005ರ ಎರಡನೇ ಆವೃತ್ತಿಯಿಂದ ಓಡಿಎಸ್. ಅಪ್ಪನನ್ನು ಫೈಲಿನ ಹೆಸರು ಕೇಳಬೇಡಿ. ಆಗ ಪರದೆಯ ಮೇಲೆ ಏನು ಕಾಣುತ್ತಿತ್ತು, ಪ್ರೋಗ್ರಾಂ ತೆರೆಯಲು ಯಾವ ಚಿತ್ರದ ಮೇಲೆ ಒತ್ತುತ್ತಿದ್ದರು ಎಂದು ಕೇಳಿ. ಜನರಿಗೆ ಹೆಸರು ಮರೆತರೂ ಚಿತ್ರ ನೆನಪಿರುತ್ತದೆ.

ಈಗ ಹುಡುಕೋಣ. ಎಕ್ಸ್‌ಎಲ್ ಎಂದೆಲ್ಲ ನಾನು ಇಲ್ಲಿ ಬರೆದದ್ದನ್ನು ನೀವು ಇಂಗ್ಲಿಷ್ ಅಕ್ಷರಗಳಲ್ಲೇ ಒತ್ತಬೇಕು. ದಿಸ್ ಪಿಸಿ ತೆರೆದು ಡಿ ಡ್ರೈವ್ ಒಳಗೆ ಹೋಗಿ. ಬಲಗಡೆ ಮೇಲಿರುವ ಹುಡುಕು ಪೆಟ್ಟಿಗೆಯಲ್ಲಿ ನಕ್ಷತ್ರ ಚಿಹ್ನೆ, ಚುಕ್ಕಿ, ಎಕ್ಸ್, ಎಲ್, ಮತ್ತೆ ನಕ್ಷತ್ರ ಚಿಹ್ನೆ, ಇಷ್ಟನ್ನು ನಡುವೆ ಜಾಗ ಬಿಡದೆ ಹೊಡೆಯಿರಿ. ಕೊನೆಯ ನಕ್ಷತ್ರ ಮರೆಯಬೇಡಿ. ಅದು ಇದ್ದರೆ ಎಕ್ಸೆಲ್‌ನ ಹಳೆಯದು, ಹೊಸದು, ವರ್ಕ್ಸ್‌ನ ಎಕ್ಸ್‌ಎಲ್‌ಆರ್, ಎಕ್ಸೆಲ್ ತಾನೇ ಮಾಡಿಡುವ ಬ್ಯಾಕಪ್ ಆದ ಎಕ್ಸ್‌ಎಲ್‌ಕೆ, ಎಲ್ಲವೂ ಒಂದೇ ಬಲೆಗೆ ಬೀಳುತ್ತವೆ. ಸಿಗದಿದ್ದರೆ ಎಕ್ಸ್‌ಎಲ್ ಜಾಗದಲ್ಲಿ ಡಬ್ಲ್ಯುಕೆ ಹಾಕಿ ಇನ್ನೊಮ್ಮೆ ನೋಡಿ. ಇಂಡೆಕ್ಸ್ ಇಲ್ಲದ ಜಾಗವಾದ್ದರಿಂದ ನಿಧಾನವಾಗುತ್ತದೆ. ಮೇಲಿನ ಹಸಿರು ಗೆರೆ ಪೂರ್ತಿ ಓಡಿ ಮುಗಿಯುವವರೆಗೆ ಕಾಯಿರಿ. ಅರ್ಧಕ್ಕೇ ಇಲ್ಲ ಎಂದು ಮುಚ್ಚಿಬಿಡುವವರೇ ಜಾಸ್ತಿ.

ಹುಡುಕಾಟ ಮುಗಿದ ಮೇಲೆ ನೋಟವನ್ನು ಡೀಟೇಲ್ಸ್‌ಗೆ ಬದಲಿಸಿ, ಡೇಟ್ ಮಾಡಿಫೈಡ್ ಎಂಬ ತಲೆಬರಹದ ಮೇಲೆ ಕ್ಲಿಕ್ ಮಾಡಿ. ಹಳೆಯವು ಮೇಲೆ ಬರಬೇಕು. ನೂರಾರು ಫೈಲ್ ಬಂದರೂ ಹೆದರಬೇಡಿ. ಪ್ರೋಗ್ರಾಂ ಫೈಲ್ಸ್ ಒಳಗಿರುವುದು ನಿಮ್ಮದಲ್ಲ. ಉದಾಹರಣೆಗೆ ಸಾಲ್ವ್‌ಸ್ಯಾಂಪ್ ಎಂಬ ಎಕ್ಸೆಲ್ ಫೈಲ್ ಆಫೀಸ್ ಜತೆಗೇ ಬರುವ ಮಾದರಿ. ಹೆಸರಿನ ಮೊದಲಿಗೆ ~$ ಎಂಬ ಗುರುತು ಇದ್ದರೆ ಅದರಲ್ಲಿ ಲೆಕ್ಕ ಇರುವುದಿಲ್ಲ. ಯಾರೋ ಫೈಲ್ ತೆರೆದಿದ್ದಾರೆ ಎಂದು ಎಕ್ಸೆಲ್ ಇಟ್ಟುಕೊಂಡ ಸಣ್ಣ ಗುರುತು ಅದು. ಆದರೂ ಅದನ್ನು ಸುಮ್ನೆ ಬಿಡಬೇಡಿ. ಆ ಗುರುತು ಬಿಟ್ಟು ಉಳಿದ ಹೆಸರು ಅಸಲಿ ಫೈಲಿನದು. ಕಂಪ್ಯೂಟರ್ ಮಧ್ಯೆ ಆಫ್ ಆದಾಗ ಇಂಥವು ಉಳಿದುಬಿಡುತ್ತವೆ. ಅಸಲಿ ಫೈಲ್ ಅದೇ ಫೋಲ್ಡರ್‌ನಲ್ಲಿ ಇತ್ತು ಎಂಬುದಕ್ಕೆ ಅದು ಸಾಕ್ಷಿ.

ತಾರೀಖಿನ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು. ಇಲ್ಲಿ ಎಡವುವವರು ಬಹಳ. ವಿಂಡೋಸ್ ಒಂದು ಫೈಲಿಗೆ ಹಲವು ತಾರೀಖು ತೋರಿಸುತ್ತದೆ. ಒಂದು ಫೈಲನ್ನು ಇನ್ನೊಂದು ಡ್ರೈವ್‌ಗೆ ಕಾಪಿ ಮಾಡಿದಾಗ ಕ್ರಿಯೇಟೆಡ್ ಎಂಬ ತಾರೀಖು ಕಾಪಿ ಮಾಡಿದ ದಿನದ್ದಾಗುತ್ತದೆ. ಮಾಡಿಫೈಡ್ ಮಾತ್ರ ಹಳೆಯದೇ ಉಳಿಯುತ್ತದೆ. ಅಂದರೆ ಹುಟ್ಟಿದ್ದು 2014, ತಿದ್ದಿದ್ದು 2006 ಎಂಬ ವಿಚಿತ್ರ ಕಂಡರೆ ಅದು ದೋಷ ಅಲ್ಲ. 2006ರ ಫೈಲನ್ನು 2014ರಲ್ಲಿ ಯಾರೋ ಕಾಪಿ ಮಾಡಿದ್ದಾರೆ ಎಂದು ಅರ್ಥ. ನಿಮ್ಮ ತಮ್ಮ ಯಾವಾಗ ಕಾಪಿ ಮಾಡಿದ ಎಂಬುದು ಹೀಗೆ ಗೊತ್ತಾಗುತ್ತದೆ. ಅದೇ ದಿನ ಹುಟ್ಟಿದ ಬೇರೆ ಫೈಲ್‌ಗಳು ಎಲ್ಲೆಲ್ಲಿವೆ ನೋಡಿದರೆ ಆ ದಿನದ ಇಡೀ ಕಂತೆ ಸಿಗುತ್ತದೆ.

ಇನ್ನೂ ಭರವಸೆ ಬೇಕಿದ್ದರೆ ಫೈಲ್ ಮೇಲೆ ರೈಟ್ ಕ್ಲಿಕ್ ಮಾಡಿ, ಪ್ರಾಪರ್ಟೀಸ್ ತೆರೆದು, ಡೀಟೇಲ್ಸ್ ಪುಟ ನೋಡಿ. ಅಲ್ಲಿ ಬರೆದವರ ಹೆಸರು, ಕೊನೆಗೆ ಸೇವ್ ಮಾಡಿದವರ ಹೆಸರು, ಕೊನೆಗೆ ಪ್ರಿಂಟ್ ತೆಗೆದ ದಿನ ಇವೆಲ್ಲ ಇರಬಹುದು. ಇವು ಫೈಲಿನ ಒಳಗೇ ಬರೆದಿಟ್ಟ ಮಾಹಿತಿ. ಎಷ್ಟು ಸಲ ಕಾಪಿ ಮಾಡಿದರೂ ಬದಲಾಗುವುದಿಲ್ಲ. ಬುಕ್1 ಎಂಬ ಹೆಸರಿನವು ಹತ್ತಾರು ಸಿಕ್ಕಾಗ ತೆರೆಯದೆಯೇ ಅಪ್ಪನದು ಯಾವುದು ಎಂದು ಹೇಳಲು ಇದಕ್ಕಿಂತ ಒಳ್ಳೆಯ ದಾರಿ ಇಲ್ಲ.

ಒಂದು ಎಚ್ಚರಿಕೆ. ಹಳೆಯ ಕಂಪ್ಯೂಟರ್‌ನ ಮದರ್‌ಬೋರ್ಡ್ ಮೇಲೆ ಗುಂಡಗಿನ ಸಣ್ಣ ಸೆಲ್ ಇರುತ್ತದೆ. ಅದು ಸತ್ತರೆ ಕಂಪ್ಯೂಟರ್ ಆನ್ ಮಾಡಿದಾಗಲೆಲ್ಲ ಗಡಿಯಾರ ಹಿಂದಕ್ಕೆ ಹೋಗುತ್ತದೆ. ಆಗ ಸೇವ್ ಮಾಡಿದ ಫೈಲ್‌ಗಳಿಗೆ 1980ರ ಜನವರಿ ಎಂದೋ, ಆ ಬೋರ್ಡ್ ತಯಾರಾದ ವರ್ಷ ಎಂದೋ ತಾರೀಖು ಬಿದ್ದಿರುತ್ತದೆ. ಆದ್ದರಿಂದ 2002ರಿಂದ 2008 ಎಂದು ಗೆರೆ ಕೊರೆದು ಹುಡುಕಬೇಡಿ. ಪಟ್ಟಿಯ ತುತ್ತತುದಿಯನ್ನೂ ಒಮ್ಮೆ ನೋಡಿ.

ಎಕ್ಸ್‌ಪ್ಲೋರರ್ ಹುಡುಕಾಟ ಬೇಸರವಾದರೆ ವಾಯ್ಡ್‌ಟೂಲ್ಸ್ ಅವರ ಎವರಿಥಿಂಗ್ ಎಂಬ ಉಚಿತ ಪ್ರೋಗ್ರಾಂ ಹಾಕಿಕೊಳ್ಳಿ. ಈಗಿನ ವಿಂಡೋಸ್ ಡಿಸ್ಕ್‌ಗಳ ಸಾಮಾನ್ಯ ಮಾದರಿಯಾದ ಎನ್‌ಟಿಎಫ್‌ಎಸ್‌ನಲ್ಲಿ ಫೈಲ್‌ಗಳ ಹೆಸರೆಲ್ಲ ಒಂದು ದೊಡ್ಡ ಕೋಷ್ಟಕದಲ್ಲಿ ಇರುತ್ತದೆ. ಇದು ನೇರವಾಗಿ ಆ ಕೋಷ್ಟಕವನ್ನೇ ಓದುತ್ತದೆ. ಹಾಗಾಗಿ ಫೋಲ್ಡರ್ ಫೋಲ್ಡರ್ ಹೊಕ್ಕು ನೋಡುವ ಗೋಜಿಲ್ಲ. ಅಕ್ಷರ ಒತ್ತಿದಂತೆ ಪಟ್ಟಿ ಬರುತ್ತದೆ. ಮರೆಮಾಡಿದ ಫೈಲ್‌ಗಳೂ ಬರುತ್ತವೆ. ನನ್ನ ಮಟ್ಟಿಗೆ ಇಂಥ ಕೆಲಸಕ್ಕೆ ಮೊದಲು ಕೈಹಾಕುವುದು ಇದಕ್ಕೇ. ಒಂದೇ ಮಿತಿ ಎಂದರೆ ಹಳೆಯ ಫ್ಯಾಟ್ ಮಾದರಿಯ ಪೆನ್‌ಡ್ರೈವ್ ಅಥವಾ ಡಿಸ್ಕ್ ಇದ್ದರೆ ಅದನ್ನು ನಾವೇ ಅದರ ಸೆಟ್ಟಿಂಗ್‌ನಲ್ಲಿ ಸೇರಿಸಬೇಕು.

ಹೊಸದೇನೂ ಹಾಕಿಕೊಳ್ಳುವುದು ಬೇಡ ಎನ್ನುವವರಿಗೆ ಕಮಾಂಡ್ ಪ್ರಾಂಪ್ಟ್, ಅಂದರೆ ಆದೇಶ ಹೊಡೆಯುವ ವಿಂಡೋಸ್‌ನ ಕಪ್ಪು ಕಿಟಕಿ, ಇದೆ. ಡಿಐಆರ್ ಎಂದು ಹೊಡೆದು, ಜಾಗ ಬಿಟ್ಟು, ಡಿ ಅಕ್ಷರ, ಕೋಲನ್, ಹಿಂದಕ್ಕೆ ವಾಲಿದ ಗೆರೆ, ಅದಕ್ಕೆ ಅಂಟಿಸಿ ಮೇಲೆ ಹೇಳಿದ ನಕ್ಷತ್ರದ ಗುರುತುಗಳು. ಮತ್ತೆ ಜಾಗ ಬಿಟ್ಟು ಮುಂದಕ್ಕೆ ವಾಲಿದ ಗೆರೆ ಮತ್ತು ಎಸ್, ಇನ್ನೊಮ್ಮೆ ಜಾಗ ಬಿಟ್ಟು ಅದೇ ಗೆರೆ ಮತ್ತು ಎ. ಎಸ್ ಎಂದರೆ ಒಳಗಿನ ಫೋಲ್ಡರ್‌ಗಳನ್ನೂ ನೋಡು ಎಂದು. ಎ ಎಂದರೆ ಮರೆಮಾಡಿದ್ದನ್ನೂ ತೋರಿಸು ಎಂದು.

ಇಷ್ಟಾದರೂ ಸಿಗದಿದ್ದರೆ ಎಲ್ಲಿ ಅಡಗಿರಬಹುದು? ಮೊದಲು ಅನುಮಾನಿಸಬೇಕಾದದ್ದು ಪರ್ಮಿಷನ್. ವಿಂಡೋಸ್ ಎಕ್ಸ್‌ಪಿಯಲ್ಲಿ ಎಲ್ಲರ ಫೈಲ್ ಇರುತ್ತಿದ್ದದ್ದು ಸಿ ಡ್ರೈವ್‌ನ ಡಾಕ್ಯುಮೆಂಟ್ಸ್ ಆ್ಯಂಡ್ ಸೆಟ್ಟಿಂಗ್ಸ್ ಒಳಗೆ, ಅವರವರ ಹೆಸರಿನ ಫೋಲ್ಡರ್‌ನಲ್ಲಿ. ವಿಸ್ತಾದಿಂದ ಅದು ಯೂಸರ್ಸ್ ಎಂದಾಯಿತು. ಎಕ್ಸ್‌ಪಿಯಲ್ಲಿ ನಮ್ಮ ಫೋಲ್ಡರನ್ನು ಖಾಸಗಿ ಮಾಡಿಕೊಳ್ಳುವ ಸೌಲಭ್ಯ ಇತ್ತು. ಪಾಸ್‌ವರ್ಡ್ ಇಡುವಾಗ ಅದೇ ಕೇಳುತ್ತಿತ್ತು, ಜನ ಹೂಂ ಅನ್ನುತ್ತಿದ್ದರು. ಅಂಥ ಫೋಲ್ಡರ್ ಇರುವ ಡಿಸ್ಕನ್ನು ಹೊಸ ಕಂಪ್ಯೂಟರ್‌ಗೆ ಜೋಡಿಸಿದರೆ, ಒಳಗೆ ಹೋಗಲು ಅನುಮತಿ ಇಲ್ಲ ಎಂಬ ಸಂದೇಶ ಬರುತ್ತದೆ. ಹುಡುಕು ಪೆಟ್ಟಿಗೆ ಆ ಮಾತನ್ನೂ ಹೇಳುವುದಿಲ್ಲ. ಆ ಫೋಲ್ಡರನ್ನು ಸದ್ದಿಲ್ಲದೆ ಬಿಟ್ಟು ಮುಂದೆ ಹೋಗುತ್ತದೆ. ಆದ್ದರಿಂದ ಆ ಫೋಲ್ಡರಿಗೆ ನೀವೇ ಹೋಗಿ, ಡಬಲ್ ಕ್ಲಿಕ್ ಮಾಡಿ, ಕಂಟಿನ್ಯೂ ಒತ್ತಿ. ಅಡ್ಮಿನಿಸ್ಟ್ರೇಟರ್ ಖಾತೆಯಲ್ಲಿದ್ದರೆ ಬಾಗಿಲು ತೆರೆಯುತ್ತದೆ. ಆಮೇಲೆ ಮತ್ತೊಮ್ಮೆ ಹುಡುಕಿ. ಫೈಲಿನ ಹೆಸರು ಹಸಿರು ಬಣ್ಣದಲ್ಲಿ ಕಂಡರೆ ಮಾತ್ರ ಕಷ್ಟ. ಅದು ವಿಂಡೋಸ್ ಎನ್‌ಕ್ರಿಪ್ಟ್ ಮಾಡಿದ ಫೈಲ್. ಹಳೆಯ ಖಾತೆಯ ಕೀಲಿ ಇಲ್ಲದೆ ತೆರೆಯುವುದಿಲ್ಲ.

ಜಿಪ್ ಒಳಗೆ ಕಟ್ಟಿಟ್ಟ ಫೈಲ್‌ಗಳೂ ಈ ಹುಡುಕಾಟಕ್ಕೆ ಸಿಗುವುದಿಲ್ಲ. ತಮ್ಮನನ್ನು ಕೇಳಿ, ಕಾಪಿ ಮಾಡುವಾಗ ಜಾಗ ಉಳಿಸಲು ಜಿಪ್ ಅಥವಾ ಆರ್‌ಎಆರ್ ಮಾಡಿದ್ದನಾ ಎಂದು. ಹಾಗೆ ಮಾಡಿದ್ದರೆ ಆ ದೊಡ್ಡ ಗಂಟುಗಳನ್ನು ಹುಡುಕಿ ಬಿಚ್ಚಬೇಕು. ಹಳೆಯ ವಿಂಡೋಸ್ ಮೇಲೆ ಹೊಸದನ್ನು ಹಾಕಿದಾಗ ಸಿ ಡ್ರೈವ್‌ನಲ್ಲಿ ವಿಂಡೋಸ್ ಡಾಟ್ ಓಲ್ಡ್ ಎಂಬ ಫೋಲ್ಡರ್ ಉಳಿಯುತ್ತದೆ. ವಿಂಡೋಸ್ 10 ಮತ್ತು 11ರಲ್ಲಿ ಅದು ಸಾಮಾನ್ಯವಾಗಿ 10 ದಿನಗಳಲ್ಲಿ ತಾನಾಗಿಯೇ ಅಳಿಸಿಹೋಗುತ್ತದೆ. ಅಷ್ಟರೊಳಗೆ ಯಾರಾದರೂ ಬೇರೆ ಡ್ರೈವ್‌ಗೆ ಕಾಪಿ ಮಾಡಿದ್ದರೆ ನಿಮ್ಮ ಅದೃಷ್ಟ. ಒನ್‌ಡ್ರೈವ್ ಇದ್ದವರ ಡಾಕ್ಯುಮೆಂಟ್ಸ್ ಫೋಲ್ಡರ್ ಎಷ್ಟೋ ಸಲ ಒನ್‌ಡ್ರೈವ್ ಫೋಲ್ಡರ್ ಒಳಕ್ಕೆ ಸ್ಥಳ ಬದಲಿಸಿರುತ್ತದೆ. ಅಲ್ಲೂ ಒಂದು ಕಣ್ಣು ಹಾಯಿಸಿ. ಹಳೆಯ ಡಿಸ್ಕ್‌ನ ಕಸದ ಬುಟ್ಟಿಯನ್ನಂತೂ ಮರೆಯಬೇಡಿ. ಎಕ್ಸ್‌ಪಿ ಅಳಿಸಿದ ಫೈಲಿಗೆ ಹೊಸ ಹೆಸರಿಟ್ಟು ರಿಸೈಕ್ಲರ್ ಎಂಬ ಗುಪ್ತ ಫೋಲ್ಡರ್‌ನಲ್ಲಿ ಇಡುತ್ತಿತ್ತು. ಡಿಸಿ1, ಡಿಸಿ2 ಎಂಬ ಹೆಸರಿನ ಎಕ್ಸೆಲ್ ಫೈಲ್ ಕಂಡರೆ ಅದು ಅಂಥದ್ದು. ಹೆಸರು ಹೋಗಿದೆ, ಒಳಗಿನ ಲೆಕ್ಕ ಹಾಗೇ ಇದೆ.

ಫೈಲ್ ಸಿಗದಿದ್ದರೂ ಅದರ ಹೆಜ್ಜೆ ಗುರುತು ಸಿಗಬಹುದು. ಇದು ನನಗೆ ಬಹಳ ಇಷ್ಟವಾದ ಭಾಗ. ಆಫೀಸ್ ಪ್ರೋಗ್ರಾಂಗಳು ಇತ್ತೀಚೆಗೆ ತೆರೆದ ಫೈಲ್‌ಗಳಿಗೆಲ್ಲ ಒಂದೊಂದು ಶಾರ್ಟ್‌ಕಟ್ ಮಾಡಿ ರೀಸೆಂಟ್ ಎಂಬ ಫೋಲ್ಡರ್‌ನಲ್ಲಿ ಇಡುತ್ತಿದ್ದವು. ಎಕ್ಸ್‌ಪಿಯಲ್ಲಿ ಅದು ಬಳಕೆದಾರರ ಫೋಲ್ಡರ್ ಒಳಗಿನ ಅಪ್ಲಿಕೇಶನ್ ಡೇಟಾ, ಅದರೊಳಗೆ ಮೈಕ್ರೋಸಾಫ್ಟ್, ಅದರೊಳಗೆ ಆಫೀಸ್. ವಿಂಡೋಸ್ ಕೂಡ ಬೇರೆಯಾಗಿ ಒಂದು ರೀಸೆಂಟ್ ಫೋಲ್ಡರ್ ಇಟ್ಟುಕೊಳ್ಳುತ್ತದೆ. ತಮ್ಮ ಇಡೀ ಫೋಲ್ಡರನ್ನು ಎತ್ತಿ ಕಾಪಿ ಮಾಡಿದ್ದರೆ ಈ ಶಾರ್ಟ್‌ಕಟ್‌ಗಳೂ ಬಂದಿರುತ್ತವೆ. ಡಬಲ್ ಕ್ಲಿಕ್ ಮಾಡಬೇಡಿ. ಹಾಗೆ ಮಾಡಿದರೆ ವಿಂಡೋಸ್ ಫೈಲ್ ಇಲ್ಲವೆಂದು ಹೇಳಿ, ಶಾರ್ಟ್‌ಕಟ್ ಅಳಿಸಲಾ ಎಂದು ಕೇಳುತ್ತದೆ. ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್‌ನಲ್ಲಿ ಟಾರ್ಗೆಟ್ ಎಂಬ ಸಾಲು ಓದಿ. ಫೈಲಿನ ಪೂರ್ತಿ ಹೆಸರು, ಅದಿದ್ದ ಫೋಲ್ಡರ್, ಡ್ರೈವ್ ಎಲ್ಲವೂ ಅಲ್ಲಿರುತ್ತದೆ. ಸಾಲು ಎ ಅಕ್ಷರದಿಂದ ಶುರುವಾದರೆ ಆ ಲೆಕ್ಕ ಫ್ಲಾಪಿಯಲ್ಲಿತ್ತು. ಇ ಅಥವಾ ಎಫ್ ಇದ್ದರೆ ಸಿಡಿಯೋ ಪೆನ್‌ಡ್ರೈವೋ ಆಗಿರಬಹುದು. ಇನ್ನು ಕಂಪ್ಯೂಟರ್ ಬಿಟ್ಟು ಮೇಜಿನ ಖಾನೆಯನ್ನೇ ಹುಡುಕಬೇಕು.

ಒಂದು ಫೈಲ್ ಸಿಕ್ಕರೆ ಅದು ಇನ್ನೊಂದಕ್ಕೆ ದಾರಿ ತೋರಿಸುವುದೂ ಉಂಟು. ತೆರೆದ ಕೂಡಲೇ ಲಿಂಕ್ ಅಪ್‌ಡೇಟ್ ಮಾಡಲೇ ಎಂದು ಎಕ್ಸೆಲ್ ಕೇಳಿದರೆ, ಬೇಡ ಎನ್ನಿ. ಆದರೆ ಖುಷಿಪಡಿ. ಈ ಫೈಲ್ ಬೇರೊಂದು ಫೈಲಿನಿಂದ ಮೊತ್ತ ತರಿಸಿಕೊಳ್ಳುತ್ತಿತ್ತು ಎಂದು ಅದರರ್ಥ. ಡೇಟಾ ಮೆನುವಿನಲ್ಲಿ ಎಡಿಟ್ ಲಿಂಕ್ಸ್ ತೆರೆದರೆ ಆ ಇನ್ನೊಂದು ಫೈಲಿನ ಹೆಸರು, ಜಾಗ ಕಾಣುತ್ತದೆ. ಹೊಸ ಎಕ್ಸೆಲ್‌ನಲ್ಲಿ ಅದಕ್ಕೆ ವರ್ಕ್‌ಬುಕ್ ಲಿಂಕ್ಸ್ ಎಂಬ ಹೆಸರಿದೆ. ಹಾಗೆಯೇ ಮನೆಯಲ್ಲಿ ಆ ಲೆಕ್ಕದ ಪ್ರಿಂಟ್ ಏನಾದರೂ ಇದ್ದರೆ ಪುಟದ ತಲೆ ಮತ್ತು ಬುಡ ನೋಡಿ. ಫೈಲ್ ಹೆಸರನ್ನು ಅಲ್ಲಿ ಅಚ್ಚು ಹಾಕಿಸುವ ಅಭ್ಯಾಸ ಕೆಲವರಿಗೆ ಇರುತ್ತದೆ.

ಫೈಲಿನ ಒಳಗಿನ ಪದ ಹಿಡಿದು ಹುಡುಕಬಹುದಲ್ಲ ಎಂದು ಕೇಳುತ್ತೀರಿ. ಹುಡುಕಬಹುದು. ಫೋಲ್ಡರ್ ಆಪ್ಷನ್ಸ್‌ನ ಸರ್ಚ್ ಪುಟದಲ್ಲಿ ಹೆಸರಿನ ಜತೆ ಒಳಗಿನದ್ದನ್ನೂ ಹುಡುಕು ಎಂಬುದಕ್ಕೆ ಟಿಕ್ ಹಾಕಬೇಕು. ತುಂಬ ನಿಧಾನ, ಅದಕ್ಕೇ ಕೊನೆಯ ಉಪಾಯ. ಅಪ್ಪ ಕನ್ನಡದಲ್ಲಿ ಬರೆದಿದ್ದರೆ ಇನ್ನೊಂದು ತೊಡಕು. ನುಡಿ, ಬರಹದ ಹಳೆಯ ಫಾಂಟ್‌ಗಳಲ್ಲಿ ಹೊಡೆದ ಕನ್ನಡ ಈಗ ಎಲ್ಲ ಕಡೆ ಬಳಸುವ ಯೂನಿಕೋಡ್ ಅಕ್ಷರ ಸಂಕೇತದಲ್ಲಿ ಇರುವುದಿಲ್ಲ. ಕಣ್ಣಿಗೆ ಕನ್ನಡ ಕಂಡರೂ ಸೆಲ್ ಒಳಗೆ ಇರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳು. ಈಗಿನ ಕೀಬೋರ್ಡಿನಲ್ಲಿ ಸಿಮೆಂಟು ಎಂದು ಕನ್ನಡದಲ್ಲಿ ಹೊಡೆದರೆ ಅದು ಹೊಂದುವುದೇ ಇಲ್ಲ. ಇಂಗ್ಲಿಷ್‌ನಲ್ಲಿ ಖಂಡಿತ ಬರೆದಿರಬಹುದಾದ ಪದ ಯಾವುದು ಯೋಚಿಸಿ. ಟೋಟಲ್ ಎಂಬುದು ಬಹುತೇಕ ಎಲ್ಲರ ಲೆಕ್ಕದಲ್ಲೂ ಇರುತ್ತದೆ. ಫೈಲ್ ತೆರೆದಾಗ ಅರ್ಥವಾಗದ ಅಕ್ಷರಗಳು ಕಂಡರೂ ಕೆಟ್ಟಿದೆ ಎಂದು ಎಸೆಯಬೇಡಿ. ಆ ಹಳೆಯ ಫಾಂಟ್ ಹಾಕಿಕೊಂಡರೆ ಸರಿಹೋಗುತ್ತದೆ.

ಇನ್ನು ಅಟ್ಟದ ಮೇಲಿನ ಕಂಪ್ಯೂಟರ್. ಅದನ್ನು ಆನ್ ಮಾಡಿ ನೋಡುವ ಆಸೆ ಆಗುತ್ತದೆ. ನಾನಾದರೆ ಮಾಡುವುದಿಲ್ಲ. ವರ್ಷಗಟ್ಟಲೆ ಧೂಳಿನಲ್ಲಿದ್ದ ಪವರ್ ಸಪ್ಲೈ ಸುಟ್ಟರೆ ಡಿಸ್ಕನ್ನೂ ಕರೆದುಕೊಂಡು ಹೋಗಬಹುದು. ವಿಂಡೋಸ್ ಶುರುವಾದರೂ ತನ್ನ ಪಾಡಿಗೆ ಡಿಸ್ಕ್ ಮೇಲೆ ಏನಾದರೂ ಬರೆಯುತ್ತಲೇ ಇರುತ್ತದೆ. ಡಿಸ್ಕನ್ನು ಬಿಚ್ಚಿ, ಯುಎಸ್‌ಬಿ ಅಡಾಪ್ಟರ್ ಮೂಲಕ ಈಗಿನ ಕಂಪ್ಯೂಟರ್‌ಗೆ ಜೋಡಿಸುವುದು ಒಳ್ಳೆಯದು. ಅಡಾಪ್ಟರ್ ಕೊಳ್ಳುವ ಮುಂಚೆ ಡಿಸ್ಕ್‌ನ ಹಿಂಬದಿ ನೋಡಿ. ಎರಡು ಸಾಲು ಸೂಜಿಗಳು ಇದ್ದರೆ ಅದು ಐಡಿಇ. ಚಪ್ಪಟೆಯಾದ ಸಣ್ಣ ಎಲ್ ಆಕಾರದ ಕಂಡಿ ಇದ್ದರೆ ಸಾಟಾ. 2002ರ ಕಂಪ್ಯೂಟರ್ ಎಂದರೆ ಐಡಿಇ ಎಂದೇ ಇಟ್ಟುಕೊಳ್ಳಿ. ಎರಡಕ್ಕೂ ಆಗುವ ಅಡಾಪ್ಟರ್ ಸಿಗುತ್ತದೆ. ಡೆಸ್ಕ್‌ಟಾಪ್‌ನ ದೊಡ್ಡ ಡಿಸ್ಕ್‌ಗೆ ಯುಎಸ್‌ಬಿ ಕೊಡುವ ಕರೆಂಟ್ ಸಾಲದು. ಬೇರೆ ಪವರ್ ಪ್ಲಗ್ ಇರುವುದನ್ನೇ ತೆಗೆದುಕೊಳ್ಳಿ.

ಜೋಡಿಸಿದಾಗ ಈ ಡಿಸ್ಕನ್ನು ಬಳಸುವ ಮುಂಚೆ ಫಾರ್ಮ್ಯಾಟ್ ಮಾಡಬೇಕು ಎಂಬ ಪೆಟ್ಟಿಗೆ ಬಂದರೆ ಕ್ಯಾನ್ಸಲ್ ಒತ್ತಿ. ಇದೊಂದು ಮಾತು ನೆನಪಿದ್ದರೆ ಸಾಕು. ಡಿಸ್ಕ್ ಟಕ್ ಟಕ್ ಎಂದು ಒಂದೇ ಸಮನೆ ಸದ್ದು ಮಾಡಿದರೆ ತಕ್ಷಣ ಆಫ್ ಮಾಡಿ. ಇನ್ನೊಮ್ಮೆ ನೋಡೋಣ ಎಂದು ಮತ್ತೆ ಮತ್ತೆ ಹಚ್ಚಿದಷ್ಟೂ ಒಳಗಿನ ತಟ್ಟೆ ಹಾಳಾಗುತ್ತದೆ. ಅಂಥ ಡಿಸ್ಕ್ ಡೇಟಾ ರಿಕವರಿ ಮಾಡುವವರಿಗೇ ಹೋಗಬೇಕು. ಅದಕ್ಕೆ ದುಡ್ಡು ಜಾಸ್ತಿ ಆಗುತ್ತದೆ. ಆದ್ದರಿಂದ ಡಿ ಡ್ರೈವ್ ಪೂರ್ತಿ ಹುಡುಕಿ ಮುಗಿಸಿಯೇ ಅಟ್ಟಕ್ಕೆ ಹತ್ತಿ.

ಫೈಲ್ ಸಿಕ್ಕಿತು ಎಂದುಕೊಳ್ಳೋಣ. ನೇರವಾಗಿ ತೆರೆಯಬೇಡಿ. ಮೊದಲು ಬೇರೆ ಫೋಲ್ಡರಿಗೆ ಒಂದು ಕಾಪಿ ಮಾಡಿ, ಆ ಕಾಪಿಯನ್ನು ತೆರೆಯಿರಿ. ಅದಕ್ಕೂ ಮುಂಚೆ ಆ್ಯಂಟಿವೈರಸ್‌ನಿಂದ ಒಮ್ಮೆ ನೋಡಿಸಿ. ಆ ಕಾಲದ ಎಕ್ಸೆಲ್ ಫೈಲ್‌ಗಳಲ್ಲಿ ಮ್ಯಾಕ್ರೋ (ಫೈಲಿನೊಳಗೇ ಇರುವ ಪುಟ್ಟ ಪ್ರೋಗ್ರಾಂ) ರೂಪದ ವೈರಸ್ ಇರುವುದು ಅಪರೂಪವೇನಲ್ಲ. ಮ್ಯಾಕ್ರೋ ಎನೇಬಲ್ ಮಾಡಲೇ ಎಂದು ಕೇಳಿದರೆ ಬೇಡ.

ತೆರೆದಿರಿ, ನೋಡಿದಿರಿ, ಏನೂ ಮುಟ್ಟದೆ ಮುಚ್ಚುತ್ತಿದ್ದೀರಿ. ಆಗ ಬದಲಾವಣೆಗಳನ್ನು ಸೇವ್ ಮಾಡಲೇ ಎಂದು ಎಕ್ಸೆಲ್ ಕೇಳುತ್ತದೆ. ನಾನೇನೂ ಬದಲಿಸಲಿಲ್ಲವಲ್ಲ ಎಂದು ಗಾಬರಿ ಆಗುತ್ತದೆ. ಹಳೆಯ ಆವೃತ್ತಿಯಲ್ಲಿ ಸೇವ್ ಆದ ಫೈಲನ್ನು ಹೊಸ ಎಕ್ಸೆಲ್ ತೆರೆದಾಗ ಎಲ್ಲ ಲೆಕ್ಕವನ್ನೂ ಮತ್ತೆ ಕೂಡಿ ಕಳೆದು ನೋಡುತ್ತದೆ. ಅದಕ್ಕೇ ಈ ಪ್ರಶ್ನೆ. ಬೇಡ ಎನ್ನಿ. ಹೌದು ಎಂದರೆ ಮಾಡಿಫೈಡ್ ತಾರೀಖು ಇವತ್ತಿನದಾಗುತ್ತದೆ. ಅಪ್ಪ ಯಾವುದಾದರೂ ಸೆಲ್‌ನಲ್ಲಿ ಟುಡೇ ಎಂಬ ಸೂತ್ರ ಹಾಕಿದ್ದರೆ ಇನ್ನೂ ಗಮನವಿರಲಿ. 2005ರಲ್ಲಿ ಮಾಡಿದ ಪಟ್ಟಿ ಇವತ್ತಿನ ತಾರೀಖು ತೋರಿಸುತ್ತದೆ. ಸಾಲದ ಬಡ್ಡಿ ಆ ತಾರೀಖಿನ ಮೇಲೆ ನಿಂತಿದ್ದರೆ ಬಡ್ಡಿಯೂ ಇವತ್ತಿನವರೆಗೆ ಬೆಳೆದು ನಿಂತಿರುತ್ತದೆ. ಈ ಲೆಕ್ಕವನ್ನು ಯಾರಿಗಾದರೂ ದಾಖಲೆಯಾಗಿ ಕೊಡುವುದಿದ್ದರೆ ಅಂಥ ಸೆಲ್‌ಗಳನ್ನು ಒಂದೊಂದಾಗಿ ನೋಡಿ.

ಫೈಲ್ ಎಕ್ಸೆಲ್‌ನದ್ದಲ್ಲ ಎಂದಾದರೆ ಲಿಬ್ರೆ ಆಫೀಸ್ ಹಾಕಿಕೊಳ್ಳಿ. ಉಚಿತ. ಎಕ್ಸೆಲ್ 2007ರಿಂದಲೇ ಲೋಟಸ್ ಫೈಲ್ ತೆರೆಯುವುದನ್ನು ಬಿಟ್ಟಿದೆ. ಲಿಬ್ರೆ ಆಫೀಸ್ ಈಗಲೂ ಲೋಟಸ್, ಕ್ವಾಟ್ರೋ ಪ್ರೋ (ಇದೂ ಒಂದು ಹಳೆಯ ಸ್ಪ್ರೆಡ್‌ಶೀಟ್ ಪ್ರೋಗ್ರಾಂ), ವರ್ಕ್ಸ್ ಮೂರರ ಹಳೆಯ ಫೈಲ್‌ಗಳನ್ನೂ ಓದುತ್ತದೆ. ವರ್ಕ್ಸ್‌ನ ಎಕ್ಸ್‌ಎಲ್‌ಆರ್ ಆಗಿದ್ದರೆ ಕಾಪಿಯ ಬಾಲವನ್ನು ಎಕ್ಸ್‌ಎಲ್‌ಎಸ್ ಎಂದು ಬದಲಿಸಿದರೂ ಎಷ್ಟೋ ಸಲ ಎಕ್ಸೆಲ್‌ನಲ್ಲೇ ತೆರೆದುಕೊಳ್ಳುತ್ತದೆ. ಬಾಲವೇ ಇಲ್ಲದ ಫೈಲ್ ಸಿಕ್ಕರೆ ನೋಟ್‌ಪ್ಯಾಡ್‌ನಲ್ಲಿ ತೆರೆದು ಮೊದಲ ಎರಡು ಅಕ್ಷರ ನೋಡಿ. ಇಂಗ್ಲಿಷ್‌ನ ಪಿ ಮತ್ತು ಕೆ ಇದ್ದರೆ ಅದು ಹೊಸ ಮಾದರಿಯ ಎಕ್ಸೆಲ್ ಇರಬಹುದು. ಆ ಮಾದರಿ ನಿಜವಾಗಿ ಒಂದು ಜಿಪ್ ಕಂತೆ. ಜಿಪ್ ರೂಪಿಸಿದ ಫಿಲ್ ಕಾಟ್ಜ್ ತಮ್ಮ ಹೆಸರಿನ ಮೊದಲಕ್ಷರಗಳನ್ನು ಅಲ್ಲಿ ಬಿಟ್ಟುಹೋಗಿದ್ದಾರೆ.

ಪಾಸ್‌ವರ್ಡ್ ಕೇಳಿದರೆ ಯಾವಾಗ ಕೇಳುತ್ತಿದೆ ಗಮನಿಸಿ. ತೆರೆದ ಮೇಲೆ ಸೆಲ್ ತಿದ್ದಲು ಹೋದಾಗ ಅಡ್ಡಿ ಬಂದರೆ ಅದು ಬರೀ ಶೀಟ್ ಪ್ರೊಟೆಕ್ಷನ್. ಓದಲು ತೊಂದರೆ ಇಲ್ಲ. ಬೇಕಾದ ಸೆಲ್‌ಗಳನ್ನು ಸಾಮಾನ್ಯವಾಗಿ ಕಾಪಿ ಮಾಡಿ ಹೊಸ ಶೀಟಿಗೆ ಹಾಕಿಕೊಳ್ಳಬಹುದು. ತೆರೆಯುವ ಮುಂಚೆಯೇ ಕೇಳಿದರೆ ಫೈಲ್ ಪೂರ್ತಿ ಬೀಗ ಹಾಕಿದೆ. ಅಪ್ಪ ಆಗ ಬಳಸುತ್ತಿದ್ದ ಪಾಸ್‌ವರ್ಡ್‌ಗಳನ್ನು ನೆನಪಿಸಿಕೊಂಡು ಪ್ರಯತ್ನಿಸಬೇಕಷ್ಟೇ. ಅಕ್ಷರ ದೊಡ್ಡದೋ ಚಿಕ್ಕದೋ ಎಂಬುದೂ ಲೆಕ್ಕಕ್ಕೆ ಬರುತ್ತದೆ.

ಎಲ್ಲೂ ಇಲ್ಲವೇ ಇಲ್ಲ ಎಂದಾದರೆ ಇನ್ನೆರಡು ಜಾಗ. ಒಂದು ಇಮೇಲ್. ಆ ಲೆಕ್ಕವನ್ನು ಯಾರಿಗಾದರೂ ಕಳಿಸಿದ್ದರೆ ಸೆಂಟ್ ಫೋಲ್ಡರ್‌ನಲ್ಲಿ ಅಟ್ಯಾಚ್‌ಮೆಂಟ್ ಆಗಿ ಇರುತ್ತದೆ. ಔಟ್‌ಲುಕ್‌ನ ಪಿಎಸ್‌ಟಿ, ಔಟ್‌ಲುಕ್ ಎಕ್ಸ್‌ಪ್ರೆಸ್‌ನ ಡಿಬಿಎಕ್ಸ್ ಫೈಲ್‌ಗಳ ಒಳಗೆ ಮೇಲ್ ಜತೆ ಅಟ್ಯಾಚ್‌ಮೆಂಟೂ ಅಡಗಿರುತ್ತದೆ. ಹೆಸರಿನ ಹುಡುಕಾಟಕ್ಕೆ ಸಿಗದು. ಡಿ ಡ್ರೈವ್‌ನಲ್ಲಿ ಈ ಬಾಲದ ಫೈಲ್ ಇದೆಯಾ ನೋಡಿ.

ಇನ್ನೊಂದು, ಅಳಿಸಿಹೋದ ಫೈಲ್‌ಗಳನ್ನು ಮರಳಿ ತರುವ ಪ್ರೋಗ್ರಾಂಗಳು. ರಿಕುವಾ, ಫೋಟೋರೆಕ್ ಮುಂತಾದವು. ಫೋಟೋರೆಕ್ ಹೆಸರಿಗೆ ಫೋಟೋದ್ದಾದರೂ ಎಕ್ಸೆಲ್ ಫೈಲನ್ನೂ ಹೆಕ್ಕುತ್ತದೆ. ಹೆಸರು ಮಾತ್ರ ಉಳಿಯುವುದಿಲ್ಲ. ಇವು ಅಟ್ಟದ ಮೇಲಿನ ಹಳೆಯ ಹಾರ್ಡ್ ಡಿಸ್ಕ್‌ಗೆ ಚೆನ್ನಾಗಿ ಹೊಂದುತ್ತವೆ. ಈ ಪ್ರೋಗ್ರಾಂ ಹಾಕುವುದು, ಸಿಕ್ಕ ಫೈಲ್ ಇಡುವುದು ಎರಡನ್ನೂ ಬೇರೆ ಡಿಸ್ಕ್‌ನಲ್ಲೇ ಮಾಡಿ. ಹುಡುಕುತ್ತಿರುವ ಡಿಸ್ಕ್ ಮೇಲೆ ಒಂದಕ್ಷರವೂ ಬರೆಯಬಾರದು. ಈಗಿನ ಕಂಪ್ಯೂಟರ್‌ನ ಎಸ್‌ಎಸ್‌ಡಿಯಲ್ಲಿ (ತಿರುಗುವ ತಟ್ಟೆ ಇಲ್ಲದ ಹೊಸ ಬಗೆಯ ಡಿಸ್ಕ್) ಅಳಿಸಿದ್ದರೆ ಆಸೆ ಇಟ್ಟುಕೊಳ್ಳಬೇಡಿ. ಟ್ರಿಮ್ ಎಂಬ ವ್ಯವಸ್ಥೆಯಿಂದ ಅಳಿಸಿದ ಜಾಗವನ್ನು ಅದು ಬೇಗನೆ ಖಾಲಿ ಮಾಡಿಬಿಡುತ್ತದೆ.

ಡಿ ಡ್ರೈವ್ ಹುಡುಕಿದ ಮೇಲೆ ಸಿಕ್ಕ ಫೈಲ್‌ಗಳ ಬಾಲ ಯಾವುದು, ಮಾಡಿಫೈಡ್ ತಾರೀಖು ಏನು ಎಂದು ಬರೆದು ಕಳಿಸಿ. ತೆರೆಯದಿದ್ದರೆ ಬರುವ ಸಂದೇಶವನ್ನೂ ಇದ್ದ ಹಾಗೇ ಬರೆಯಿರಿ.